ಎತ್ತಿಗೆ ಜ್ವರ, ಹಲ್ಲಿಗೆ ಬರೆ

ರೆಂಬ್ರಾಂಟ್ 1632ರಲ್ಲಿ ಬಿಡಿಸಿದ ಒಂದು ಚಿತ್ರವನ್ನು ನೀವು ಎಲ್ಲಾದರೂ ನೋಡಿರ್ತೀರಿ. ಮೇಜಿನ ಮೇಲೆ ಒಂದು ಹೆಣ. ಸುತ್ತ ಬಿಳಿ ಕಾಲರ್ ಹಾಕಿಕೊಂಡ ಗಂಡಸರು. ಪಕ್ಕದಲ್ಲಿ ಕಪ್ಪು ಟೋಪಿಯ ಒಬ್ಬ ಡಾಕ್ಟ್ರು ಹೆಣದ ಕೈಯ ಸ್ನಾಯುವನ್ನು ಚಿಮಟದಲ್ಲಿ ಎತ್ತಿ ತೋರಿಸ್ತಾ ಇದ್ದಾರೆ. ಅವರ ಹೆಸರು ನಿಕೊಲಾಸ್ ಟುಲ್ಪ್, ಆಮ್‌ಸ್ಟರ್‌ಡ್ಯಾಮಿನ ವೈದ್ಯರು. ಜಗತ್ತಿಗೆ ಅವರು ಗೊತ್ತಿರೋದು ಈ ಚಿತ್ರದಿಂದ. ನನಗೆ ಇವತ್ತು ಬೇಕಾಗಿರೋದು ಅವರೇ 1641ರಲ್ಲಿ ಅಚ್ಚು ಹಾಕಿಸಿದ ಒಂದು ಲ್ಯಾಟಿನ್ ಪುಸ್ತಕ. ತಾವು ಕಂಡ ರೋಗಿಗಳ ವಿವರಗಳನ್ನು ಟುಲ್ಪ್ ಅದರಲ್ಲಿ ಒಂದೊಂದಾಗಿ ಬರೆದಿಟ್ಟಿದ್ದಾರೆ.

ಅದರಲ್ಲಿ ಐಸಾಕ್ ವಾನ್ ಹಾಲ್ಮಾಲ್ ಅನ್ನೋ ಒಬ್ಬ ರೋಗಿ ಬರ್ತಾನೆ. ಬೇಸಿಗೆಯ ಶುರುವಿನಲ್ಲಿ ಅವನಿಗೆ ಭಯಂಕರ ತಲೆನೋವು. ದಿನಾ ಗೊತ್ತಾದ ಹೊತ್ತಿಗೆ ಬರೋದು, ಗೊತ್ತಾದ ಹೊತ್ತಿಗೆ ಹೋಗೋದು. ಎರಡು ಗಂಟೆಗಿಂತ ಹೆಚ್ಚು ಇದ್ದದ್ದೇ ಅಪರೂಪ. ಆದರೆ ಆ ಹೊತ್ತಿನಲ್ಲಿ ಅವನು, ಇನ್ನು ತಡೆಯೋಕಾಗಲ್ಲ, ಸತ್ತೇ ಹೋಗ್ತೀನಿ ಅನ್ನುತ್ತಿದ್ದನಂತೆ. ದಿನದ ಉಳಿದ ಹೊತ್ತು ಜ್ವರವಿಲ್ಲ, ನಾಡಿಯಲ್ಲಿ ಏರುಪೇರಿಲ್ಲ, ಏನೂ ಇಲ್ಲ.

ಇವತ್ತಿನ ನರರೋಗ ತಜ್ಞರು ಈ ವಿವರ ಓದಿದರೆ ಹೆಸರು ಹೇಳೋಕೆ ಬಹಳ ಹೊತ್ತು ಬೇಕಾಗಲ್ಲ: ಕ್ಲಸ್ಟರ್ ತಲೆನೋವು. ಟುಲ್ಪ್ ಹತ್ರ ಸ್ಕ್ಯಾನ್ ಇರಲಿಲ್ಲ, ಔಷಧಿ ಇರಲಿಲ್ಲ, ರೋಗಕ್ಕೊಂದು ಹೆಸರೂ ಇರಲಿಲ್ಲ. ಆದರೆ ಅವರು ಗಡಿಯಾರ ನೋಡಿದ್ದರು. ನಾನು ಹೇಳಬೇಕು ಅಂತಿರೋ ಕಥೆ ಇಷ್ಟೇ: ಆಮೇಲಿನ ಮುನ್ನೂರು ವರ್ಷ ಹೆಚ್ಚಿನವರು ಗಡಿಯಾರ ಬಿಟ್ಟು ಹಲ್ಲು, ಮೂಗು, ಕಣ್ಣು, ಹಳೇ ಪೆಟ್ಟು ನೋಡ್ತಾ ಹೋದರು. ಅದಕ್ಕೆ ಎಷ್ಟೋ ಜನ ಗಟ್ಟಿ ಹಲ್ಲುಗಳನ್ನ ಬೆಲೆಯಾಗಿ ತೆತ್ತರು.

ಏನಿದು ಈ ನೋವು?

ನಮ್ಮ ಆಫೀಸುಗಳಲ್ಲಿ ಎಲ್ಲ ದೊಡ್ಡ ತಲೆನೋವಿಗೂ ಮೈಗ್ರೇನ್ ಅಂತಲೇ ಹೆಸರು. ಅದರಲ್ಲಿ ಪೂರ್ತಿ ತಪ್ಪೂ ಇಲ್ಲ. ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನಿಮ್ಹಾನ್ಸ್‌ನವರು ಸೇರಿ ಮಾಡಿ 2014ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ವರ್ಷವೊಂದರಲ್ಲಿ ಹೆಚ್ಚೂಕಮ್ಮಿ ನಾಲ್ಕರಲ್ಲಿ ಒಬ್ಬರಿಗೆ ಮೈಗ್ರೇನ್ ಇರುತ್ತೆ. ಕ್ಲಸ್ಟರ್ ಹಾಗಲ್ಲ, ಅಪರೂಪದ್ದು. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದರೆ ಸುಮಾರು ಸಾವಿರಕ್ಕೆ ಒಬ್ಬರು. ಅಪರೂಪ ಅಂದರೂ, ಬೆಂಗಳೂರಿನಂಥ ಊರಿನಲ್ಲಿ ಸಾವಿರಕ್ಕೆ ಒಬ್ಬರು ಅಂದ್ರೆ ಎಷ್ಟಾಯ್ತು ಲೆಕ್ಕ ಹಾಕಿ.

ಮೈಗ್ರೇನ್ ಬಂದವರು ಕತ್ತಲೆ ಕೋಣೆಯಲ್ಲಿ ಅಲ್ಲಾಡದೆ ಮಲಗ್ತಾರೆ. ಕ್ಲಸ್ಟರ್ ಬಂದವರು ಮಲಗೋಕಾಗದೆ ಎದ್ದು ಓಡಾಡ್ತಾರೆ. ನೋವು ಯಾವಾಗಲೂ ಒಂದೇ ಬದಿ: ಕಣ್ಣಿನ ಹಿಂದೆ, ಹುಬ್ಬಿನ ಮೇಲೆ ಅಥವಾ ಕಣತಲೆಯಲ್ಲಿ. ಅದೇ ಬದಿಯ ಕಣ್ಣು ಕೆಂಪಾಗಿ ನೀರು ಸುರಿಯುತ್ತೆ, ಮೂಗು ಕಟ್ಟುತ್ತೆ ಇಲ್ಲಾ ಸೋರುತ್ತೆ, ರೆಪ್ಪೆ ಜೋತು ಬೀಳುತ್ತೆ. 15 ನಿಮಿಷದಿಂದ 180 ನಿಮಿಷದವರೆಗೆ. ದಿನ ಬಿಟ್ಟು ದಿನ ಒಂದರಿಂದ ಹಿಡಿದು ದಿನಕ್ಕೆ ಎಂಟರವರೆಗೆ. ಹೀಗೆ ವಾರಗಟ್ಟಲೆ ಅಥವಾ ತಿಂಗಳುಗಟ್ಟಲೆ ನಡೆದು, ಒಂದು ದಿನ ಹೇಳದೆ ಕೇಳದೆ ನಿಂತುಹೋಗುತ್ತೆ. ಆಮೇಲೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಏನೂ ಇಲ್ಲ. ಮತ್ತೆ ಒಂದು ದಿನ ಅದೇ ಹೊತ್ತಿಗೆ ಹಾಜರು. ಹೀಗೆ ಗೊಂಚಲು ಗೊಂಚಲಾಗಿ ಬರೋದರಿಂದಲೇ ಕ್ಲಸ್ಟರ್ ಅನ್ನೋ ಹೆಸರು.

ನಮ್ಮ ವೃತ್ತಿಯ ಭಾಷೆಯಲ್ಲಿ ಹೇಳೋದಾದರೆ, ಇದು ಸರ್ವರ್ ಓವರ್‌ಲೋಡ್ ಆಗಿ ಬಿದ್ದಿದ್ದಲ್ಲ. ಯಾರೋ ಎಲ್ಲೋ ಸೆಟ್ ಮಾಡಿಟ್ಟ ಕ್ರಾನ್ ಜಾಬ್. ರಾತ್ರಿ ಎರಡಕ್ಕೆ ಅಂದ್ರೆ ಎರಡಕ್ಕೆ.

ಒಂದು ಮನೆಯ ಕಥೆ

ಈ ವಿಷಯದಲ್ಲಿ ನನಗೆ ಆಸಕ್ತಿ ಬಂದಿದ್ದು ನನ್ನ ಸೋದರಮಾವನಿಂದ. ಅರಸೀಕೆರೆ ಕಡೆಯ ಹಳ್ಳಿ, ತೆಂಗಿನ ತೋಟದ ಮನೆ. ಬಿಸಿಲು ಏರೋಕೆ ಶುರುವಾಗೋ ಕಾಲಕ್ಕೆ, ಎರಡು ವರ್ಷಕ್ಕೋ ಮೂರು ವರ್ಷಕ್ಕೋ ಒಮ್ಮೆ, ಮಾವ ನಡುರಾತ್ರಿ ಎದ್ದು ಅಂಗಳದಲ್ಲಿ ಗಾಣದೆತ್ತಿನ ಹಾಗೆ ಸುತ್ತೋರು. ಒಂದು ಕೈ ಬಲಗಣ್ಣಿನ ಮೇಲೆ. ಕಣ್ಣಲ್ಲಿ ನೀರು. ಅಜ್ಜಿ, "ಅವನ ಹತ್ರ ಹೋಗಬ್ಯಾಡ ಮಗ, ಸುಮ್ನಿರು" ಅಂತ ನನ್ನನ್ನ ಒಳಗೆ ಎಳ್ಕೊಳ್ಳೋರು.

ಮಾವನಿಗೆ ನೋವು ಕಣ್ಣಿನಿಂದ ಇಳಿದು ಮೇಲ್ದವಡೆಗೂ ಬರ್ತಿತ್ತು. ಹಾಗಾಗಿ ಹಲ್ಲಿನ ಡಾಕ್ಟ್ರ ಹತ್ರ ಹೋದರು. ಒಂದು ದವಡೆ ಹಲ್ಲು ಕೀಳಿಸಿದರು. ನೋವು ಹೋಗಲಿಲ್ಲ. ಮೂರು ವಾರ ಬಿಟ್ಟು ಪಕ್ಕದ ಹಲ್ಲೂ ಕೀಳಿಸಿದರು. ಅದಾದ ಹತ್ತು ದಿನಕ್ಕೆ ನೋವು ನಿಂತಿತು. ಮನೆಯವರೆಲ್ಲ, "ನೋಡು, ಮೊದಲು ಕಿತ್ತಿದ್ದು ಬೇರೆ ಹಲ್ಲು, ಕೆಟ್ಟಿದ್ದು ಇದೇ" ಅಂದರು. ಎರಡು ವರ್ಷ ಆದ ಮೇಲೆ ಅದೇ ನೋವು, ಅದೇ ಹೊತ್ತಿಗೆ ಮತ್ತೆ ಬಂತು. ಈ ಸಲ ಎಲ್ಲರೂ ಸೇರಿ ಯೋಚನೆ ಮಾಡಿ, ಮಾವ ಹುಡುಗನಾಗಿದ್ದಾಗ ಎತ್ತಿನಗಾಡಿಯಿಂದ ಬಿದ್ದು ಹಣೆ ಒಡೆದುಕೊಂಡಿದ್ದನ್ನ ನೆನಪು ಮಾಡಿಕೊಂಡರು. "ಆ ಪೆಟ್ಟು ಒಳಗೇ ಉಳ್ಕೊಂಡಿತ್ತು ಕಣಪ್ಪ" ಅನ್ನೋ ತೀರ್ಮಾನಕ್ಕೆ ಬಂದರು. ರೋಗದ ಸರಿಯಾದ ಹೆಸರು ಮಾವನಿಗೆ ಸಿಗೋ ಹೊತ್ತಿಗೆ ವಯಸ್ಸು ಐವತ್ತು ದಾಟಿತ್ತು. ಪಟ್ಟಣದ ಒಬ್ಬ ನರರೋಗ ತಜ್ಞರು ಮೊದಲು ಕೇಳಿದ ಪ್ರಶ್ನೆ "ಎಲ್ಲಿ ನೋವು?" ಅಂತಲ್ಲ, "ಎಷ್ಟು ಗಂಟೆಗೆ ಬರುತ್ತೆ?" ಅಂತ.

ಹಲ್ಲು ಕೀಳಿಸಿದ್ದು, ತಲೆಗೆ ಬಿದ್ದ ಪೆಟ್ಟು. ಈ ಎರಡು ವಿವರಣೆಗಳು ನಮ್ಮ ಮನೆಯವರು ಕಂಡುಹಿಡಿದದ್ದಲ್ಲ. ಕ್ಲಸ್ಟರ್ ತಲೆನೋವಿನ ಇತಿಹಾಸದ ಉದ್ದಕ್ಕೂ ಇವು ಬರ್ತಾನೇ ಇವೆ. ಹಾಗಾದರೆ ಇವಕ್ಕೂ ಈ ರೋಗಕ್ಕೂ ನಿಜವಾಗಿ ಸಂಬಂಧ ಇದೆಯಾ? ಒಂದೊಂದಾಗಿ ನೋಡೋಣ.

ಜಾಗದ ಹೆಸರುಗಳು

ಟುಲ್ಪ್ ಆದ ಮೇಲೆ ನೂರು ವರ್ಷಕ್ಕೆ, 1745ರಲ್ಲಿ, ಗೆರಾರ್ಡ್ ವಾನ್ ಸ್ವೀಟೆನ್ ಇನ್ನೊಬ್ಬ ರೋಗಿಯ ಬಗ್ಗೆ ಬರೆದರು. ಇವರು ಆಸ್ಟ್ರಿಯಾದ ರಾಣಿ ಮರಿಯಾ ತೆರೇಸಾಳ ಖಾಸಗಿ ವೈದ್ಯರಾಗಿದ್ದವರು. ಗಟ್ಟಿಮುಟ್ಟಾದ ನಡುವಯಸ್ಸಿನ ಗಂಡಸು, ದಿನಾ ಒಂದೇ ಹೊತ್ತಿಗೆ ಕಣ್ಣಿನ ಮೇಲೆ ನೋವು, ಕಣ್ಣು ಕೆಂಪು, ನೀರು. ಕೆಲವು ಗಂಟೆ ಕಳೆದರೆ ಎಲ್ಲ ಮಾಯ. ಮಜಾ ಏನಂದ್ರೆ, ಟುಲ್ಪ್ ಮತ್ತು ವಾನ್ ಸ್ವೀಟೆನ್ ಇಬ್ಬರ ವಿವರಗಳೂ ಪುಸ್ತಕಗಳಲ್ಲಿ ಹಾಗೇ ಮಲಗಿದ್ದವು. ಇವು ಕ್ಲಸ್ಟರ್ ತಲೆನೋವಿನ ಹಳೇ ದಾಖಲೆಗಳು ಅಂತ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದದ್ದು 1993ರಲ್ಲಿ.

ಈ ನಡುವೆ ಒಬ್ಬೊಬ್ಬ ವೈದ್ಯರೂ ಇದನ್ನ ಹೊಸದಾಗಿ ಕಂಡರು, ಹೊಸ ಹೆಸರಿಟ್ಟರು. ಬರ್ಲಿನ್ನಿನ ರೊಂಬರ್ಗ್ 1840ರ ದಶಕದಲ್ಲಿ ಇಂಥ ನೋವನ್ನು ಕಣ್ಣಿನ ನರದ ಲೆಕ್ಕಕ್ಕೆ ಹಾಕಿದರು. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಮೂಗಿನ ತಜ್ಞ ಗ್ರೀನ್‌ಫೀಲ್ಡ್ ಸ್ಲೂಡರ್ 1908ರ ಹೊತ್ತಿಗೆ, ಮೂಗಿನ ಹಿಂದಿರೋ ಒಂದು ನರಗಂಟೇ ಇದಕ್ಕೆ ಕಾರಣ ಅಂದರು. ಅಲ್ಲಿಗೆ ಕೊಕೇನ್ ಹಚ್ಚಿ ಚಿಕಿತ್ಸೆ ಮಾಡಿದರು. 1932ರಲ್ಲಿ ವೇಲ್ ಅನ್ನೋ ಇನ್ನೊಬ್ಬ ತಜ್ಞರು ಅಲ್ಲೇ ಹತ್ತಿರದ ಬೇರೊಂದು ನರದ ಹೆಸರು ಹೇಳಿದರು. ಲಂಡನ್ನಿನ ವಿಲ್‌ಫ್ರೆಡ್ ಹ್ಯಾರಿಸ್ 1926ರಲ್ಲಿ ಬಹಳ ಒಳ್ಳೇ ವಿವರಣೆ ಕೊಟ್ಟರು. ಆದರೆ ಚಿಕಿತ್ಸೆ? ಮುಖದ ನರದ ಗಂಟಿಗೆ ಆಲ್ಕೋಹಾಲ್ ಚುಚ್ಚೋದು. 1939ರಲ್ಲಿ ಮೇಯೋ ಕ್ಲಿನಿಕ್ಕಿನ ಬೇಯಾರ್ಡ್ ಹಾರ್ಟನ್ ಇದು ತಲೆಯ ರಕ್ತನಾಳಗಳ ತೊಂದರೆ ಅಂದುಕೊಂಡರು. ಹಿಸ್ಟಮಿನ್ ಅನ್ನು ಸ್ವಲ್ಪ ಸ್ವಲ್ಪವೇ ಕೊಟ್ಟು ದೇಹಕ್ಕೆ ಅಭ್ಯಾಸ ಮಾಡಿಸುವ ಚಿಕಿತ್ಸೆ ನಡೆಸಿದರು. ಆ ಚಿಕಿತ್ಸೆ ಉಳಿಯಲಿಲ್ಲ. ಆದರೆ ಹಾರ್ಟನ್ ಹೇಳಿದ ಇನ್ನೊಂದು ಮಾತು ಉಳಿಯಿತು: ಈ ರೋಗಿಗಳು ನೋವಿನ ಹೊತ್ತಿನಲ್ಲಿ ಪ್ರಾಣ ಕಳೆದುಕೊಳ್ಳದ ಹಾಗೆ ಕಣ್ಣಿಡಬೇಕು.

ಗಮನಿಸಿ, ಎಲ್ಲ ಹೆಸರುಗಳೂ ಜಾಗದ ಹೆಸರುಗಳು. ಕಣ್ಣು, ಮೂಗು, ನರ, ರಕ್ತನಾಳ. ಯಾವ ತಜ್ಞರ ಹತ್ರ ಹೋದರೆ ಅವರ ಇಲಾಖೆಯ ಹೆಸರು. 1947ರಲ್ಲಿ ಸ್ವೀಡನ್ನಿನ ಕಾರ್ಲ್ ಎಕ್‌ಬೊಮ್ ಈ ನೋವು ಗುಂಪು ಗುಂಪಾಗಿ ಬರೋದನ್ನ ಒತ್ತಿ ಹೇಳಿದರು. 1952ರಲ್ಲಿ ಅಮೆರಿಕದ ಕಂಕಲ್ ಮತ್ತು ಸಂಗಡಿಗರು ಕ್ಲಸ್ಟರ್ ಅನ್ನೋ ಪದವನ್ನ ಬಳಕೆಗೆ ತಂದರು. ಜಾಗದ ಬದಲು ಕಾಲದ ಲೆಕ್ಕದ ಹೆಸರು ಈ ರೋಗಕ್ಕೆ ಸಿಕ್ಕಿದ್ದು ಟುಲ್ಪ್ ಬರೆದು 311 ವರ್ಷ ಆದ ಮೇಲೆ.

ಹಲ್ಲಿನ ಮೇಲೆ ಅಪವಾದ

ಈಗ ಹಲ್ಲಿನ ವಿಷಯ. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಹಲ್ಲಿಗೆ ಬಹಳ ಕೆಟ್ಟ ಕಾಲ. 1910ರಲ್ಲಿ ಬ್ರಿಟಿಷ್ ವೈದ್ಯ ವಿಲಿಯಂ ಹಂಟರ್ ಕೆನಡಾದ ಮಾಂಟ್ರಿಯಲ್‌ನಲ್ಲಿ ಒಂದು ಭಾಷಣ ಮಾಡಿದರು. ಚಿನ್ನದ ಕವಚ ಹಾಕಿದ ಹಲ್ಲುಗಳ ಕೆಳಗೆ ಕೀವು ಕೂತಿರುತ್ತೆ, ಅದೇ ಮೈತುಂಬ ರೋಗ ಹರಡುತ್ತೆ ಅನ್ನೋದು ಅದರ ಸಾರ. ಶಿಕಾಗೋದ ಫ್ರಾಂಕ್ ಬಿಲ್ಲಿಂಗ್ಸ್ ಇದನ್ನೇ ಒಂದು ಸಿದ್ಧಾಂತವಾಗಿ ಬೆಳೆಸಿದರು. ದೇಹದ ಒಂದು ಮೂಲೆಯಲ್ಲಿ ಅಡಗಿದ ಸೋಂಕು ದೂರದ ಅಂಗಗಳನ್ನ ಕೆಡಿಸುತ್ತೆ ಅಂತ. ಕೀಲುನೋವಾ? ಹಲ್ಲು ತೆಗೀರಿ. ಹೊಟ್ಟೆನೋವಾ? ಹಲ್ಲು ತೆಗೀರಿ. ತಲೆನೋವಾ? ಕೇಳೋದೇ ಬೇಡ.

ಇದರ ಅತಿರೇಕ ನ್ಯೂಜೆರ್ಸಿಯ ಟ್ರೆಂಟನ್ ಮಾನಸಿಕ ಆಸ್ಪತ್ರೆಯಲ್ಲಿ ನಡೀತು. 1907ರಲ್ಲಿ ಅಲ್ಲಿನ ಮುಖ್ಯಸ್ಥರಾದ ಹೆನ್ರಿ ಕಾಟನ್, ಹುಚ್ಚಿಗೂ ಸೋಂಕೇ ಕಾರಣ ಅಂತ ನಂಬಿ ರೋಗಿಗಳ ಹಲ್ಲುಗಳನ್ನ ಸಾಲುಸಾಲಾಗಿ ಕೀಳಿಸಿದರು. ಹಲ್ಲು ಮುಗಿದ ಮೇಲೆ ಟಾನ್ಸಿಲ್, ಅದಾದ ಮೇಲೆ ದೊಡ್ಡಕರುಳು. ತಮ್ಮ ಸ್ವಂತ ಮಕ್ಕಳ ಹಲ್ಲನ್ನೂ ಬಿಡಲಿಲ್ಲ. ಕಾಟನ್ ಮೋಸಗಾರ ಆಗಿರಲಿಲ್ಲ, ಗಾಢವಾಗಿ ನಂಬಿದ್ದ ಮನುಷ್ಯ. ಭಯ ಆಗೋದೂ ಅದಕ್ಕೇ. 1938ರಲ್ಲಿ ಸೆಸಿಲ್ ಮತ್ತು ಆಂಜೆವೈನ್ ಅನ್ನೋ ವೈದ್ಯರು ಕೀಲುವಾತದ 200 ರೋಗಿಗಳನ್ನ ಕೂಲಂಕಷವಾಗಿ ನೋಡಿ, ಹಲ್ಲು ಟಾನ್ಸಿಲ್ ತೆಗೆಸಿದ್ದರಿಂದ ರೋಗಕ್ಕೆ ಪ್ರಯೋಜನ ಆಗಿಲ್ಲ ಅಂತ ತೋರಿಸಿದ ಮೇಲೆ ಈ ಸಿದ್ಧಾಂತದ ಕಾಲ ಮುಗೀತಾ ಬಂತು.

ಸಿದ್ಧಾಂತ ಹೋಯ್ತು, ಇಕ್ಕಳ ಹೋಗಲಿಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ, ಅಂದ್ರೆ ಟುಲ್ಪ್ ಅವರ ದೇಶದಲ್ಲೇ, ಸಾವಿರಕ್ಕೂ ಹೆಚ್ಚು ಕ್ಲಸ್ಟರ್ ರೋಗಿಗಳನ್ನ ಕೇಳಿ 2003ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ರೋಗ ಪತ್ತೆಯಾಗೋ ಮೊದಲು ಶೇ. 34 ಜನ ಹಲ್ಲಿನ ಡಾಕ್ಟ್ರ ಹತ್ರ ಹೋಗಿದ್ದರು, ಶೇ. 33 ಜನ ಕಿವಿ-ಮೂಗು-ಗಂಟಲಿನ ಡಾಕ್ಟ್ರ ಹತ್ರ. ಸರಿಯಾದ ಹೆಸರು ಸಿಗೋಕೆ ನಡುಮಟ್ಟದ ಲೆಕ್ಕದಲ್ಲಿ ಮೂರು ವರ್ಷ ಹಿಡಿದಿತ್ತು. ಒಬ್ಬರಿಗಂತೂ 48 ವರ್ಷ.

ಯಾಕೆ ಹೀಗಾಗುತ್ತೆ? ವೈರಿಂಗ್ ಹಾಗಿದೆ. ಮುಖದ ಎಲ್ಲ ಸ್ಪರ್ಶ, ನೋವನ್ನು ಮಿದುಳಿಗೆ ಒಯ್ಯೋದು ಟ್ರೈಜೆಮಿನಲ್ ಅನ್ನೋ ನರ. ಅದಕ್ಕೆ ಮೂರು ಕವಲು. ಒಂದು ಹಣೆ ಮತ್ತು ಕಣ್ಣಿಗೆ, ಇನ್ನೊಂದು ಕೆನ್ನೆ ಮತ್ತು ಮೇಲಿನ ಹಲ್ಲುಗಳಿಗೆ, ಮೂರನೆಯದು ಕೆಳದವಡೆಗೆ. ಮೂರೂ ಮಿದುಳಿನ ಕಾಂಡದಲ್ಲಿ ಹತ್ತಿರ ಹತ್ತಿರವೇ ಬಂದು ಸೇರ್ತವೆ. ಅಲ್ಲಿ ಗದ್ದಲ ಎದ್ದರೆ ಯಾವ ಕವಲಿನಿಂದ ಬಂತು ಅಂತ ಮಿದುಳಿಗೆ ಸರಿಯಾಗಿ ಬೇರ್ಪಡಿಸೋಕೆ ಆಗಲ್ಲ. ಕಣ್ಣಿನ ಹಿಂದಿನ ನೋವು ಹಲ್ಲುನೋವಾಗಿ ಕೇಳಿಸುತ್ತೆ. ಮೂಗು ಕಟ್ಟಿದ್ದರಿಂದ ಸೈನಸ್ ಅನ್ನಿಸುತ್ತೆ. ರೋಗಿ ಸುಳ್ಳು ಹೇಳ್ತಿಲ್ಲ. ಅವನಿಗೆ ನೋಯ್ತಿರೋದು ನಿಜವಾಗಿ ಹಲ್ಲೇ.

ಇದರ ಮೇಲೆ ಇನ್ನೊಂದು ಸಂಗತಿ. ಕ್ಲಸ್ಟರ್ ಗೊಂಚಲು ಕೆಲವು ವಾರ ಆದ ಮೇಲೆ ತಾನಾಗೇ ನಿಲ್ಲುತ್ತೆ ಅಂದೆನಲ್ಲ? ಹಾಗಾಗಿ ನಿಲ್ಲೋ ಮುಂಚೆ ಕೊನೆಗೆ ಏನು ಮಾಡಿಸಿದ್ದರೋ ಅದಕ್ಕೇ ಹೆಸರು ಬರುತ್ತೆ. ಎರಡನೇ ಹಲ್ಲು ಕೀಳಿಸಿದ್ದರೆ ಹಲ್ಲಿಗೆ. ಕನ್ನಡಕ ಬದಲಿಸಿದ್ದರೆ ಕನ್ನಡಕಕ್ಕೆ. ತಾಯಿತ ಕಟ್ಟಿಸಿದ್ದರೆ ತಾಯಿತಕ್ಕೆ. ಕಾಗೆ ಕೂರೋದಕ್ಕೂ ಟೊಂಗೆ ಮುರಿಯೋದಕ್ಕೂ ಸರಿಹೋಯ್ತು ಅಂತಾರಲ್ಲ, ಅದು. ನೋವು ಮತ್ತೆ ಬರೋ ಹೊತ್ತಿಗೆ ಒಂದೆರಡು ವರ್ಷ ಕಳೆದಿರೋದರಿಂದ, ಹಿಂದಿನ ಚಿಕಿತ್ಸೆ ಸುಳ್ಳು ಅಂತ ಯಾರಿಗೂ ಅನ್ನಿಸೋದಿಲ್ಲ. ಇನ್ನೊಂದು ಹಲ್ಲು ಕೆಟ್ಟಿದೆ ಅನ್ನಿಸುತ್ತೆ.

ಹಲ್ಲು ಕಿತ್ತಿದ್ದೇ ಕಾರಣವೇ?

ಇದೇ ಪ್ರಶ್ನೆಯನ್ನ ತಿರುಗಿಸಿಯೂ ಕೇಳಬಹುದು. ಹಲ್ಲು ಕೀಳಿಸಿಕೊಂಡ ಮೇಲೇ ಮೊದಲ ಸಲ ಈ ನೋವು ಶುರುವಾಯ್ತು ಅನ್ನೋ ರೋಗಿಗಳೂ ಇದ್ದಾರೆ. ಸುಮ್ಮನೆ ತಳ್ಳಿಹಾಕೋ ಮಾತಲ್ಲ. ಜರ್ಮನಿಯ ನರರೋಗ ತಜ್ಞರು 2001ರಲ್ಲಿ ಇಂಥ ಪ್ರಕರಣಗಳನ್ನ ತಲೆನೋವಿನ ಪತ್ರಿಕೆಯೊಂದರಲ್ಲಿ ಬರೆದಿದ್ದಾರೆ. ಹಲ್ಲು ಕೀಳೋವಾಗ ಟ್ರೈಜೆಮಿನಲ್ ನರದ ತುದಿಗಳಿಗೆ ಗಾಯ ಆಗೋದಂತೂ ನಿಜ. ಆ ಗಾಯ, ಮೊದಲೇ ಈ ರೋಗದ ಕಡೆ ವಾಲಿರೋ ಮಿದುಳನ್ನ ಒಂದು ಹೆಜ್ಜೆ ಮುಂದೆ ತಳ್ಳಬಹುದು ಅನ್ನೋದು ಒಂದು ಊಹೆ.

ಆದರೆ ಲೆಕ್ಕ ನೋಡಿ. ಜಗತ್ತಿನಲ್ಲಿ ದಿನಾ ಎಷ್ಟು ಹಲ್ಲು ಕೀಳ್ತಾರೆ! ಹಲ್ಲು ಕಿತ್ತಿದ್ದೇ ದೊಡ್ಡ ಕಾರಣ ಆಗಿದ್ದರೆ ಕ್ಲಸ್ಟರ್ ಸಾವಿರಕ್ಕೆ ಒಬ್ಬರಲ್ಲಿ ನಿಲ್ಲುತ್ತಿರಲಿಲ್ಲ. ಜೊತೆಗೆ, ಕೆಲವರಲ್ಲಿ ಮೊದಲ ಗೊಂಚಲಿನ ಮೊದಲ ಸುಳಿವೇ ಹಲ್ಲುನೋವು. ಹಲ್ಲುನೋವು ಅಂತ ಹೋದರು, ಕೀಳಿಸಿದರು, ಆಮೇಲೆ ಕಣ್ಣಿಗೆ ಏರಿತು. ಕಥೆ ಹೇಳೋವಾಗ, "ಹಲ್ಲು ಕಿತ್ತ ಮೇಲೆ ಬಂತು" ಅಂತಾಗುತ್ತೆ. ಬಂದಿದ್ದಕ್ಕೇ ಕಿತ್ತಿದ್ದು ಅನ್ನೋದು ಮರೆತುಹೋಗುತ್ತೆ. ಪ್ರೊಡಕ್ಷನ್ ಬಿದ್ದ ತಕ್ಷಣ, "ನಿನ್ನೆ ಯಾರ ಡಿಪ್ಲಾಯ್‌ಮೆಂಟ್ ಆಗಿತ್ತು?" ಅಂತ ಕೇಳ್ತೀವಲ್ಲ, ಹಾಗೆ. ಎಷ್ಟೋ ಸಲ ಆ ಡಿಪ್ಲಾಯ್‌ಮೆಂಟ್ ಮಾಡಿದ್ದೇ ಸಿಸ್ಟಮ್ ಆಗಲೇ ನಿಧಾನ ಆಗಿದೆ ಅಂತ.

ತಲೆಗೆ ಬಿದ್ದ ಪೆಟ್ಟು

ಪೆಟ್ಟಿನ ಪ್ರಶ್ನೆ ಇನ್ನೂ ಸ್ವಲ್ಪ ಗಂಟು. ಕ್ಲಸ್ಟರ್ ಇರುವವರಲ್ಲಿ ಹಿಂದೆ ಯಾವಾಗಲೋ ತಲೆಗೆ ಪೆಟ್ಟು ಬಿದ್ದವರು ಹೆಚ್ಚಾಗಿ ಸಿಗ್ತಾರೆ ಅಂತ ಹಲವು ಅಧ್ಯಯನಗಳು ಹೇಳಿವೆ. ಪೆಟ್ಟು ಬಿದ್ದ ಬದಿಯಲ್ಲೇ ನೋವು ಬಂದ ಪ್ರಕರಣಗಳೂ ದಾಖಲಾಗಿವೆ. ಅಂತರರಾಷ್ಟ್ರೀಯ ತಲೆನೋವು ವರ್ಗೀಕರಣದ ಪ್ರಕಾರ, ಪೆಟ್ಟಿನಿಂದ ಬಂದ ತಲೆನೋವು ಅನ್ನಬೇಕಾದರೆ ಅದು ಪೆಟ್ಟಾದ, ಅಥವಾ ಪ್ರಜ್ಞೆ ಬಂದ, 7 ದಿನದೊಳಗೆ ಶುರುವಾಗಬೇಕು. ಕ್ಲಸ್ಟರ್ ರೋಗಿಗಳ ಕಥೆಯಲ್ಲಿ ಪೆಟ್ಟಿಗೂ ಮೊದಲ ನೋವಿಗೂ ಎಷ್ಟೋ ಸಲ ವರ್ಷಗಟ್ಟಲೆ ಅಂತರ. ನಮ್ಮ ಮಾವನ ಎತ್ತಿನಗಾಡಿಯ ಹಾಗೆ.

2012ರಲ್ಲಿ ಲಂಡನ್ನಿನ ಇಬ್ಬರು ತಜ್ಞರು ಈ ಎಲ್ಲ ಅಧ್ಯಯನಗಳನ್ನ ಒಟ್ಟಿಗೆ ನೋಡಿ ಒಂದು ಲೇಖನ ಬರೆದರು. ಪೆಟ್ಟು ಕಾರಣವೋ, ಪರಿಣಾಮವೋ ಅನ್ನೋ ಪ್ರಶ್ನೆಯನ್ನ ಅದರ ತಲೆಬರಹದಲ್ಲೇ ಇಟ್ಟರು. ಪರಿಣಾಮ ಹೇಗಾಗುತ್ತೆ ಅಂತೀರಾ? ಈ ರೋಗ ಹೆಚ್ಚಾಗಿ ಕಾಣಿಸಿಕೊಳ್ಳೋದು ಗಂಡಸರಲ್ಲಿ, ಇಪ್ಪತ್ತರಿಂದ ನಲವತ್ತರ ವಯಸ್ಸಿನಲ್ಲಿ, ಅದರಲ್ಲೂ ಸಿಗರೇಟು ಸೇದುವವರಲ್ಲಿ. ಬೈಕಿನಿಂದ ಬೀಳೋದು, ಆಟದಲ್ಲಿ ಪೆಟ್ಟು ತಿನ್ನೋದು, ಜಗಳದಲ್ಲಿ ಏಟು ತಿನ್ನೋದು ಯಾರು ಹೆಚ್ಚು? ಹೆಚ್ಚುಕಡಿಮೆ ಅದೇ ಗುಂಪು. ಒಂದು ಇನ್ನೊಂದಕ್ಕೆ ಕಾರಣ ಆಗದೆಯೂ ಎರಡೂ ಒಬ್ಬನಲ್ಲೇ ಸಿಗಬಹುದು. ಇನ್ನೊಂದು: ನೋವು ತಡೆಯೋಕಾಗದೆ ತಲೆಯನ್ನ ಗೋಡೆಗೆ ಚಚ್ಚಿಕೊಳ್ಳೋ ರೋಗಿಗಳಿದ್ದಾರೆ. ಅಲ್ಲಿ ಪೆಟ್ಟೇ ನೋವಿನಿಂದ ಬಂದದ್ದು. ಮೂರನೆಯದು ನೆನಪು. ದೊಡ್ಡ ಕಾಯಿಲೆ ಬಂದವರು ಹಿಂದಿನ ಜೀವನವನ್ನ ಜಾಲಾಡ್ತಾರೆ. ಆರೋಗ್ಯವಾಗಿರೋನಿಗೆ ಏಳನೇ ಕ್ಲಾಸಿನಲ್ಲಿ ಬಿದ್ದದ್ದು ನೆನಪಿರಲ್ಲ. ರೋಗಿಗೆ ಯಾವ ಮರ, ಯಾವ ಕಲ್ಲು ಎಲ್ಲ ನೆನಪಾಗುತ್ತೆ.

ಹಾಗಂತ ಸಂಬಂಧವೇ ಇಲ್ಲ ಅಂತ ಯಾರೂ ಫೈಲ್ ಮುಚ್ಚಿಲ್ಲ. ಪೆಟ್ಟಾದ ಕೆಲವೇ ದಿನಗಳಲ್ಲಿ ಶುರುವಾದ, ನಿಜವಾದ ಕ್ಲಸ್ಟರ್ ಲಕ್ಷಣಗಳಿರೋ ಪ್ರಕರಣಗಳು ಕೆಲವಿವೆ. ಅವುಗಳಲ್ಲಿ ಪೆಟ್ಟು ಕದ ತೆಗೆದಿರಬಹುದು. ಆದರೆ ಮನೆಯೊಳಗೆ ಯಾರಿದ್ದರು ಅನ್ನೋದು ಬೇರೆ ಪ್ರಶ್ನೆ.

ಗಡಿಯಾರ ಇದ್ದದ್ದು ಎಲ್ಲಿ

ಅದಕ್ಕೆ ಉತ್ತರ ಸಿಕ್ಕಿದ್ದು 1998ರಲ್ಲಿ. ಲಂಡನ್ನಿನಲ್ಲಿ ಆರ್ನೆ ಮೇ, ಪೀಟರ್ ಗೋಡ್ಸ್‌ಬಿ ಮತ್ತು ಸಂಗಡಿಗರು ಒಂಬತ್ತು ರೋಗಿಗಳಿಗೆ ನೈಟ್ರೊಗ್ಲಿಸರಿನ್ ಕೊಟ್ಟು ನೋವು ಬರಿಸಿ, ಆ ಹೊತ್ತಿನಲ್ಲಿ ಮಿದುಳಿನ ಪೆಟ್ ಸ್ಕ್ಯಾನ್ ತೆಗೆದರು. ನೋವಿನ ಬದಿಯಲ್ಲೇ ಹೈಪೊಥಲಾಮಸ್‌ನ ಒಂದು ಭಾಗ ಚುರುಕಾಗಿತ್ತು. ಹೈಪೊಥಲಾಮಸ್ ಅಂದ್ರೆ ಮಿದುಳಿನ ತಳದಲ್ಲಿರೋ ಪುಟ್ಟ ಭಾಗ. ನಿದ್ದೆ, ಹಸಿವು, ಹಾರ್ಮೋನು ಎಲ್ಲ ನೋಡಿಕೊಳ್ಳೋದು ಅದೇ. ದೇಹದ ದಿನಚರಿಯ ಗಡಿಯಾರ ಇರೋದೂ ಅಲ್ಲೇ. ದಿನಾ ಅದೇ ಹೊತ್ತಿಗೆ, ವರ್ಷದ ಅದೇ ಕಾಲಕ್ಕೆ ಯಾಕೆ ಬರುತ್ತೆ ಅನ್ನೋದಕ್ಕೆ ಮೊದಲ ಬಾರಿ ಒಂದು ವಿಳಾಸ ಸಿಕ್ಕಿತು.

ಇನ್ನೊಂದು ಪ್ರಕರಣ ನನ್ನನ್ನ ಬಹಳ ಕಾಡಿದೆ. 2002ರಲ್ಲಿ ಗೋಡ್ಸ್‌ಬಿ ಮತ್ತು ಮಂಜಿತ್ ಮಾಥಾರು 59 ವರ್ಷದ ಒಬ್ಬ ಗಂಡಸಿನ ಬಗ್ಗೆ ಬರೆದರು. ನೋವು ತಾಳಲಾರದೆ ಅವರಿಗೆ ಆಪರೇಷನ್ ಮಾಡಿ ಟ್ರೈಜೆಮಿನಲ್ ನರದ ಬೇರನ್ನೇ ಕತ್ತರಿಸಿದ್ದರು. ಮುಖದ ಆ ಬದಿಯಿಂದ ಮಿದುಳಿಗೆ ಹೋಗೋ ದಾರಿಯೇ ಇಲ್ಲ. ಆದರೂ ಕ್ಲಸ್ಟರ್ ನೋವು ಬರ್ತಾನೇ ಇತ್ತು, ಕ್ಲಸ್ಟರ್ ಔಷಧಿಗೇ ಬಗ್ಗುತ್ತಿತ್ತು. ಅಂದ್ರೆ ನೋವು ಹೊರಗಿನಿಂದ ಒಳಗೆ ಬರ್ತಿರಲಿಲ್ಲ. ಒಳಗೇ ಹುಟ್ಟುತ್ತಿತ್ತು. ಇಡೀ ನರದ ಬೇರು ಕತ್ತರಿಸಿದರೇ ನಿಲ್ಲದ್ದು, ಆ ನರದ ತುದಿಯ ಒಂದು ಹಲ್ಲು ಕಿತ್ತರೆ ನಿಲ್ಲುತ್ತಾ?

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತ ನಮ್ಮಲ್ಲಿ ನಗ್ತಾರೆ. ಇಲ್ಲಿ ನಗೋ ಹಾಗಿಲ್ಲ, ಯಾಕಂದ್ರೆ ನೋಯ್ತಿದೆ ಅಂತ ಎಮ್ಮೆಯೇ ಕೂಗ್ತಾ ಇತ್ತು.

ಇಷ್ಟೆಲ್ಲ ಯಾಕೆ ಬೇಕು?

ಬೇಕು, ಯಾಕಂದ್ರೆ ಸರಿಯಾದ ಹೆಸರು ಸಿಕ್ಕರೆ ಚಿಕಿತ್ಸೆ ಇದೆ. ಹಾರ್ಟನ್ 1950ರ ದಶಕದಲ್ಲೇ ಆಕ್ಸಿಜನ್ ಬಳಸಿ ನೋಡಿದ್ದರು. 1981ರಲ್ಲಿ ಅಮೆರಿಕದ ಲೀ ಕುಡ್ರೊ 52 ರೋಗಿಗಳಲ್ಲಿ ಪರೀಕ್ಷಿಸಿದಾಗ ಶೇ. 75ರಷ್ಟು ಮಂದಿಗೆ ಉಪಯೋಗವಾಯ್ತು. 2009ರಲ್ಲಿ ಲಂಡನ್ನಿನ ತಂಡ ನಿಮಿಷಕ್ಕೆ 12 ಲೀಟರಿನಂತೆ ಮಾಸ್ಕಿನಲ್ಲಿ ಆಕ್ಸಿಜನ್ ಕೊಟ್ಟು, ಬರೀ ಗಾಳಿಯ ಜೊತೆ ಹೋಲಿಸಿತು. ಹದಿನೈದು ನಿಮಿಷದಲ್ಲಿ ಆಕ್ಸಿಜನ್‌ನಿಂದ ಶೇ. 78ರಷ್ಟು ಸಲ ನೋವು ಹೋಯ್ತು ಅಥವಾ ಸಾಕಷ್ಟು ತಗ್ಗಿತು. ಗಾಳಿಯಿಂದ ಶೇ. 20. ಚರ್ಮದಡಿ ಚುಚ್ಚುವ ಸುಮಾಟ್ರಿಪ್ಟಾನ್ 1991ರಿಂದಲೂ ಇದೆ. ಗೊಂಚಲನ್ನೇ ತಡೆಯೋಕೆ ವೆರಾಪಮಿಲ್ ಕೊಡ್ತಾರೆ. ಇವೆಲ್ಲ ನರರೋಗ ತಜ್ಞರು ನೋಡಿ, ಹೃದಯ ಪರೀಕ್ಷೆ ಮಾಡಿಸಿ ಕೊಡಬೇಕಾದವು. ಅಂಗಡಿಯಲ್ಲಿ ಕೇಳಿ ತಗೊಳ್ಳೋ ಮಾತ್ರೆಗಳಲ್ಲ. ಪಿಟ್ಯುಟರಿ ಗ್ರಂಥಿಯ ಗಡ್ಡೆಯಂಥವೂ ಇದೇ ವೇಷ ಹಾಕಿಕೊಂಡು ಬರಬಹುದು, ಅದಕ್ಕೇ ಎಂಆರ್‌ಐ ಮಾಡಿಸ್ತಾರೆ.

ಹಲ್ಲಿನ ಡಾಕ್ಟ್ರನ್ನ ದೂರೋದು ನನ್ನ ಉದ್ದೇಶ ಅಲ್ಲ. ಹುಳುಕು ಹಲ್ಲು ಹುಳುಕೇ, ಅದಕ್ಕೆ ಚಿಕಿತ್ಸೆ ಬೇಕೇ ಬೇಕು. ತಲೆಗೆ ಪೆಟ್ಟು ಬಿದ್ದರೆ ಆಸ್ಪತ್ರೆಗೆ ಹೋಗಲೇಬೇಕು. ಆದರೆ ಮೂರರಲ್ಲಿ ಒಬ್ಬ ಕ್ಲಸ್ಟರ್ ರೋಗಿ ಹಲ್ಲಿನ ಡಾಕ್ಟ್ರ ಹತ್ರ ಹೋಗ್ತಾನೆ ಅಂದ್ರೆ, ಅವನನ್ನ ಉಳಿಸಬಹುದಾದ ಮೊದಲ ಮನುಷ್ಯರೂ ಅವರೇ. ಎಕ್ಸ್‌ರೇಯಲ್ಲಿ ಹಲ್ಲು ಚೆನ್ನಾಗಿದ್ದರೆ, "ನೋವು ದಿನಾ ಒಂದೇ ಹೊತ್ತಿಗೆ ಬರುತ್ತಾ? ಆ ಕಣ್ಣಲ್ಲಿ ನೀರು ಬರುತ್ತಾ? ಕೂರೋಕಾಗದೆ ಓಡಾಡ್ತೀರಾ?" ಅಂತ ಮೂರು ಪ್ರಶ್ನೆ ಕೇಳೋಕೆ ಒಂದು ನಿಮಿಷ ಸಾಕು.

ಡಾಕ್ಟ್ರು ಕೇಳದಿದ್ದರೆ ನೀವೇ ಹೇಳಿ. ನಿಮಗೋ, ಪಕ್ಕದ ಡೆಸ್ಕಿನವರಿಗೋ ಇಂಥ ನೋವಿದ್ದರೆ ಒಂದು ಕೆಲಸ ಮಾಡಿ. ಯಾವ ದಿನ, ಎಷ್ಟು ಗಂಟೆಗೆ ಶುರು, ಎಷ್ಟು ಗಂಟೆಗೆ ಮುಗೀತು, ಯಾವ ಬದಿ, ಕಣ್ಣು ಮೂಗು ಏನಾಯ್ತು. ಫೋನಿನಲ್ಲೇ ಬರೆದಿಡಿ. ಲಾಗ್ ಇಲ್ಲದೆ ಡೀಬಗ್ ಮಾಡೋಕೆ ಹೊರಟವರ ಕಷ್ಟ ನಿಮಗೆ ಹೊಸದಲ್ಲ. ತಜ್ಞರ ಮುಂದೆ ಆ ಎರಡು ವಾರದ ಪಟ್ಟಿ ಇಟ್ಟರೆ ವರ್ಷಗಳು ಉಳಿಯಬಹುದು. ಹಲ್ಲುಗಳಂತೂ ಉಳೀತವೆ.